ಹನ್ನೆರಡು ಮಾರಿನ ಹಗ್ಗ

"ಅವ್ವಾ, ಬೊಕ್ಕಸ ಬರಿದಾದಾಗ ಅರಸ ಖರ್ಚು ತಗ್ಗಿಸಿದರೆ ಅದು ಅನ್ಯಾಯವೇ?" ಎಂದು ಕೇತಯ್ಯ ತನ್ನ ಗುರು ಮಾಳವ್ವೆಯನ್ನು ಕೇಳಿದ. "ಯಾರ ಹಕ್ಕನ್ನೂ ಕಸಿಯುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯಲ್ಲಿ ಕಡಿಮೆ ಮಾಡುತ್ತೇವೆ."

ಮರುದಿನ ಅವನು ಅರಮನೆಯಲ್ಲಿ ಮಂತ್ರಿಯ ಕೈಕೆಳಗೆ ಕೆಲಸಕ್ಕೆ ಸೇರುವವನಿದ್ದ. 'ಮಾಡುತ್ತೇವೆ' ಎನ್ನುವುದು ಕೆಲಸಕ್ಕೆ ಸೇರುವ ಮೊದಲೇ ರೂಢಿಯಾಗಿಬಿಟ್ಟಿತ್ತು. ಮಾಳವ್ವೆ ಅದನ್ನು ಗಮನಿಸಿದಳು. ಕೂರು ಎಂದು ಹೇಳಿ ಈ ಕತೆ ಹೇಳಿದಳು.

ಒಂದು ಪಟ್ಟಣದಲ್ಲಿ ಒಂದೇ ಸಿಹಿನೀರಿನ ಬಾವಿಯಿತ್ತು. ಈ ನೀರು ಎಲ್ಲರದು ಎಂದು ಹಳೆಯ ಅರಸನೊಬ್ಬ ಬಾವಿಕಟ್ಟೆಯ ಕಲ್ಲಿನಲ್ಲಿ ಕೆತ್ತಿಸಿದ್ದ. ಬರೀ ಕೆತ್ತಿಸಿ ಸುಮ್ಮನಾಗಿರಲಿಲ್ಲ. ಪ್ರತಿವರ್ಷ ಅರಮನೆಯಿಂದ ರಾಟೆಗೆ ಹೊಸ ಹಗ್ಗ ಬರುವಂತೆ ಏರ್ಪಾಡು ಮಾಡಿದ್ದ. ಹನ್ನೆರಡು ಮಾರಿನ ಹಗ್ಗ. ಕೈಯಲ್ಲೊಂದು ಕೊಡವಿದ್ದರೆ ಸಾಕು, ಯಾರು ಬೇಕಾದರೂ ಬಂದು ಸೇದಿಕೊಳ್ಳಬಹುದಿತ್ತು.

ಮುಂದೆ ಯುದ್ಧವೊಂದು ನಡೆದು ಬೊಕ್ಕಸ ಬರಿದಾಯಿತು. ಖರ್ಚು ತಗ್ಗಿಸಲು ಹೊಸ ಅರಸ ಒಬ್ಬ ಅಧಿಕಾರಿಯನ್ನು ಕಳುಹಿಸಿದ. ಅವನು ಬಂದದ್ದು ಮಳೆಗಾಲದಲ್ಲಿ. ಬಾವಿಗೆ ಕೊಡ ಇಳಿಸಿ ನೋಡಿದ. ಎಂಟು ಮಾರಿಗೇ ನೀರು ಸಿಕ್ಕಿತು. ಮಿಕ್ಕ ನಾಲ್ಕು ಮಾರು ಕಟ್ಟೆಯ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಕೆಲಸವಿಲ್ಲದೆ ಮಲಗಿದೆ ಎಂದು ಅದನ್ನು ಕತ್ತರಿಸಿದ. ರಾಜ್ಯದ ಬಾವಿಗಳಿಗೆಲ್ಲ ಇನ್ನು ಎಂಟು ಮಾರೇ ಅಳತೆ ಎಂದು ಆಜ್ಞೆಯಾಯಿತು.

ಹಗ್ಗ ಹೊಸೆಯುವ ಮುದುಕಿಯೊಬ್ಬಳು ಬಂದು, "ಸ್ವಾಮಿ, ಈ ಹಗ್ಗ ಬೇಸಿಗೆಗೆ ಅಂತ ಅಳೆದದ್ದು" ಎಂದಳು.

"ಹಗ್ಗ ಮಾರುವವಳು ಗಿಡ್ಡದೇ ಸಾಕು ಎಂದು ಎಂದಾದರೂ ಹೇಳಿದ್ದುಂಟೇ ಅಜ್ಜಿ?" ಎಂದ ಅಧಿಕಾರಿ.

ಸುತ್ತ ನಿಂತವರು ನಕ್ಕರು. ಮುದುಕಿಯೂ ನಕ್ಕಳು. ಮಾತು ಚೆನ್ನಾಗಿಯೇ ಇತ್ತು. ಉಳಿತಾಯ ಮಾಡಿದ್ದಕ್ಕಾಗಿ ಅರಸ ಅವನಿಗೆ ಶಾಲು ಹೊದಿಸಿದ. ಆ ಸಮಾರಂಭದ ಚಪ್ಪರ ಕಟ್ಟಲು ಕತ್ತರಿಸಿದ ಹಗ್ಗ ಉಪಯೋಗಕ್ಕೆ ಬಂತು.

ಬೇಸಿಗೆಯಲ್ಲಿ ನೀರು ಹನ್ನೆರಡು ಮಾರಿಗೆ ಇಳಿಯಿತು. ಉಳ್ಳವರು ಮನೆಯಿಂದ ತುಂಡು ಹಗ್ಗ ತಂದು ಗಂಟುಹಾಕಿ ಸೇದಿಕೊಂಡರು. ಅವರಿಗೆ ಇದೊಂದು ತೊಂದರೆ ಎಂದು ಅನಿಸಲೇ ಇಲ್ಲ. ಕೂಲಿಕಾರರ ಕೇರಿಯಲ್ಲಿ ಮಾತ್ರ ದನ ಕಟ್ಟುವ ಹಗ್ಗವೂ ಇರಲಿಲ್ಲ, ದನಗಳೇ ಇರಲಿಲ್ಲವಲ್ಲ. ಆ ಕೇರಿಯ ಒಬ್ಬ ಹೆಂಗಸು ವ್ಯಾಪಾರಿಯೊಬ್ಬನ ಮನೆಗೆ ಹೋಗಿ ನೀರು ಸೇದುವಷ್ಟು ಹೊತ್ತಿಗೆ ಹಗ್ಗ ಕೇಳಿದಳು. ವ್ಯಾಪಾರಿ ಕೆಟ್ಟವನಲ್ಲ. ಇಲ್ಲ ಎನ್ನಲಿಲ್ಲ. ಬಂದದ್ದು ಬಂದೆ, ಅಂಗಳ ಗುಡಿಸಿ ತೆಗೆದುಕೊಂಡು ಹೋಗು ಎಂದ. ಮರುದಿನ ಅಂಗಳದ ಜೊತೆಗೆ ಒಂದು ಮೂಟೆ ಜೋಳ ಹಸನು ಮಾಡುವುದೂ ಸೇರಿತು. ತಿಂಗಳು ಕಳೆಯುವುದರೊಳಗೆ ಇಡೀ ಕೇರಿ ಅವನ ಅಂಗಳದಲ್ಲಿ ದುಡಿದು ಆಮೇಲೆ ಬಾವಿಗೆ ಹೋಗುತ್ತಿತ್ತು. ಇದು ಯಾವಾಗ ಶುರುವಾಯಿತೆಂದು ಯಾರೂ ಕೇಳುತ್ತಿರಲಿಲ್ಲ.

ಒಂದು ದಿನ ಆ ಹೆಂಗಸಿನ ಅತ್ತೆ ಜ್ವರ ಬಂದು ಮಲಗಿದ್ದಳು. ನೀರು ನೀರು ಎನ್ನುತ್ತಿದ್ದಳು. ವ್ಯಾಪಾರಿಯ ಮನೆಗೆ ಅಂದು ನೆಂಟರು ಬಂದಿದ್ದರು. ಗುಡಿಸಿ, ಸಾರಿಸಿ, ಪಾತ್ರೆ ತೊಳೆದು ಹಗ್ಗ ಕೈಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ಅವಳು ತುಂಬಿದ ಕೊಡ ಹೊತ್ತು ಮನೆಗೆ ಹೋದಾಗ ಅತ್ತೆ ಸತ್ತಿದ್ದಳು.

ಅವಳು ಅಧಿಕಾರಿಯ ಬಳಿಗೆ ಹೋದಳು. ಅವನಿಗೂ ಕೇಳಿ ನೋವಾಯಿತು.

"ಆದರೆ ಬಾವಿ ನಿನ್ನದೂ ಹೌದಲ್ಲಮ್ಮಾ," ಎಂದ. "ಕಲ್ಲಿನಲ್ಲಿ ಕೆತ್ತಿದ್ದು ಹಾಗೇ ಇದೆ. ನಿನ್ನನ್ನು ಯಾರಾದರೂ ತಡೆದರೇ?"

"ಯಾರೂ ತಡೆಯಲಿಲ್ಲ ಸ್ವಾಮಿ. ಎಟುಕೀತೇನೋ ಅಂತ ಬೆಳಿಗ್ಗೆ ಎದ್ದವಳೇ ಹೋಗಿ ಕೊಡ ಇಳಿಸಿದೆ. ಕೆಳಗೆ ನೀರು ಕಾಣುತ್ತಲೂ ಇತ್ತು."

ಅಧಿಕಾರಿ ಬಹಳ ಹೊತ್ತು ಯೋಚಿಸಿದ. ಅವಳ ತಪ್ಪು ಯಾವುದೆಂದು ಅವನಿಗೆ ಹೊಳೆಯಲಿಲ್ಲ. ತನ್ನದೂ ಹೊಳೆಯಲಿಲ್ಲ.

ಮಾಳವ್ವೆ ಕತೆ ನಿಲ್ಲಿಸಿದಳು. ಕೇತಯ್ಯನಿಗೆ ಸಮಾಧಾನವಾಗಲಿಲ್ಲ. ಬೊಕ್ಕಸ ಬರಿದಾದದ್ದಂತೂ ಸುಳ್ಳಲ್ಲವಲ್ಲ ಎಂದ. ಹಾಗಾದರೆ ಅರಸ ಏನನ್ನೂ ಕತ್ತರಿಸಲೇಬಾರದೇ ಎಂದು ಕೇಳಿದ.

"ಕತ್ತರಿಸಲಿ," ಎಂದಳು ಮಾಳವ್ವೆ, "ಮೊದಲು ಅರಮನೆಯ ಬಾವಿಯ ಹಗ್ಗ ಕತ್ತರಿಸಿ, ಒಂದು ಬೇಸಿಗೆ ಕಳೆಯುವವರೆಗೆ ಕಾಯಲಿ."