ಕೊಟ್ಟ ಪುಸ್ತಕ, ಇಟ್ಟುಕೊಂಡ ಪುಸ್ತಕ

"ಗುರುಗಳೇ, ನಮ್ಮ ಓದುಗರ ಬಳಗದಲ್ಲಿ ನನ್ನ ಮೆಚ್ಚಿನ ಕವನಸಂಕಲನದ ಬಗ್ಗೆ ಮಾತಾಡಬೇಕಾಗಿದೆ. ಒಂದು ಪುಸ್ತಕವನ್ನು ಓದಿ ಎಂದು ಇನ್ನೊಬ್ಬರಿಗೆ ಹೇಳುವ ಸರಿಯಾದ ಕ್ರಮ ಯಾವುದು?" ಎಂದು ಸೋಮಲಿಂಗ ಕೇಳಿದ. ಕೇಳುವ ಮೊದಲೇ ಒಂದು ಸಂಕಲನವನ್ನು ಗುರುವಿನ ಮುಂದಿಟ್ಟಿದ್ದ. "ಇದು ನನ್ನ ಪ್ರಾಣ, ನೀವು ಓದಲೇಬೇಕು" ಎಂದೂ ಹೇಳಿದ್ದ.

ಗುರು ಪುಸ್ತಕವನ್ನು ಮುಟ್ಟಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಕಾವ್ಯಪ್ರಿಯರ ಕೂಟವೊಂದಿತ್ತು. ಹುಣ್ಣಿಮೆಗೊಮ್ಮೆ ಸೇರಿ, ತಮಗೆ ಪ್ರಿಯವಾದ ಸಂಕಲನಗಳನ್ನು ಒಬ್ಬರ ಮುಂದೊಬ್ಬರು ಹೊಗಳುತ್ತಿದ್ದರು. ಬರಿಯ ಬಾಯಿಮಾತು ಹೆಚ್ಚಾಯಿತೆಂದು ಅವರೇ ಒಂದು ಕಟ್ಟಳೆ ಮಾಡಿಕೊಂಡರು. ಪುಸ್ತಕವನ್ನು ಹೊಗಳಿದವನು ತನ್ನ ಪ್ರತಿಯನ್ನೇ ಕೇಳಿದವನಿಗೆ ಕೊಟ್ಟುಬಿಡಬೇಕು. ಮರಳಿ ಕೇಳಬಾರದು.

ಕಟ್ಟಳೆ ಚಾಪೆಯ ಕೆಳಗೆ ತೂರಿದರೆ ಜನ ರಂಗೋಲಿಯ ಕೆಳಗೆ ತೂರಿದರು. ನೆಚ್ಚಿನ ಪುಸ್ತಕ ಮನೆಯಲ್ಲೇ ಉಳಿಯಿತು. ಮದುವೆ ಮುಂಜಿಯಲ್ಲಿ ಉಡುಗೊರೆ ಬಂದದ್ದು, ನೆಂಟರು ಬರೆದು ಅಚ್ಚು ಹಾಕಿಸಿದ್ದು ಕೂಟಕ್ಕೆ ಬಂದವು. ಬೇಡದ್ದನ್ನು ದಾಟಿಸಬೇಕಾದ್ದರಿಂದ ಹೊಗಳಿಕೆ ಮೊದಲಿಗಿಂತಲೂ ಏರಿತು. ಒಂದು ಸಂಕಲನವಂತೂ ಊರೆಲ್ಲ ಸುತ್ತಿ, ಹಾಳೆ ಮಾಸದೆ, ಮೊದಲು ಕೊಟ್ಟವನ ಕೈಗೇ ಬಂತು. ಅವನು ಅದನ್ನು ಮತ್ತೆ ಹೊಗಳಿದ.

ಆ ಕೂಟದಲ್ಲಿ ಒಬ್ಬ ಉಪಾಧ್ಯಾಯನಿದ್ದ. ಅವನ ಮಗಳು ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಆಗ ಅವನನ್ನು ಉಳಿಸಿದ್ದು ಒಂದು ಸಂಕಲನ. ರಟ್ಟು ಕಿತ್ತುಹೋದ ಆ ಪುಸ್ತಕವನ್ನು ಅವನು ಕೂಟಕ್ಕೆ ಎಂದೂ ತಂದಿರಲಿಲ್ಲ. ಅದರ ಹೆಸರನ್ನೂ ಹೇಳಿರಲಿಲ್ಲ. ಹೇಳಿದರೆ ಕೊಡಬೇಕಲ್ಲ.

ಒಂದು ಹುಣ್ಣಿಮೆಯಂದು ಕಾಳಿನ ವ್ಯಾಪಾರಿಯೊಬ್ಬ ಅಲ್ಲಿಗೆ ಬಂದ. ಅವನ ಮಗ ಕೆರೆಯಲ್ಲಿ ಮುಳುಗಿ ತಿಂಗಳಾಗಿತ್ತು.

"ಅಳು ಬರುತ್ತಿಲ್ಲ, ಮೇಷ್ಟ್ರೇ" ಎಂದ. "ಎದೆ ಕಟ್ಟಿಕೊಂಡಿದೆ. ಪದ್ಯ ಓದಿದರೆ ಕಣ್ಣೀರು ಬರುತ್ತದೆ ಅನ್ನುತ್ತೀರಂತೆ ನೀವೆಲ್ಲ. ಅಂಥದ್ದೊಂದು ಕೊಡಿ."

ಯಾವ ಪುಸ್ತಕವೆಂದು ಉಪಾಧ್ಯಾಯನಿಗೆ ತಕ್ಷಣ ತಿಳಿಯಿತು. ಯಾವ ಪದ್ಯವೆಂದೂ ತಿಳಿಯಿತು. ಮನೆ ಎರಡು ಬೀದಿ ಆಚೆಗಿತ್ತು. ಅವನು ಚೀಲಕ್ಕೆ ಕೈ ಹಾಕಿ, ಅಂದು ದಾಟಿಸಲೆಂದು ತಂದಿದ್ದ ಸಂಕಲನವನ್ನು ತೆಗೆದ. "ಇದನ್ನು ಓದಿ ನಾನೇ ಅತ್ತಿದ್ದೇನೆ" ಎಂದ. ಉಳಿದವರೂ ಹಾಗೆಯೇ ಹೇಳಿ ತಮ್ಮ ತಮ್ಮದನ್ನು ಕೊಟ್ಟರು.

ಮುಂದಿನ ಹುಣ್ಣಿಮೆಗೆ ವ್ಯಾಪಾರಿ ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತು ತಂದ.

"ಒಂದು ಸಾಲೂ ಬಿಡದೆ ಓದಿದೆ. ಬರಲಿಲ್ಲ. ಒಳ್ಳೆಯ ಕಾಳನ್ನು ಒಳಗಿಟ್ಟು ಜೊಳ್ಳನ್ನು ಮುಂದಿಡುವವರನ್ನು ಸಂತೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ನೀವು ಓದಿದವರು, ಅಂಥವರಲ್ಲ. ಹಾಗಾದರೆ ಕಲ್ಲು ನಾನೇ. ಮಗನಿಗೆ ಅಳದವನು ಎಂಥ ಅಪ್ಪ?"

ಚೀಲ ಇಳಿಸಿ, ಕೈ ಮುಗಿದು, ಹೊರಟುಹೋದ.

ಉಪಾಧ್ಯಾಯ ಮನೆಗೆ ಓಡಿದ. ರಟ್ಟು ಕಿತ್ತ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ವ್ಯಾಪಾರಿಯ ಮನೆಗೆ ಓಡಿದ. ಬಾಗಿಲಲ್ಲಿ ವ್ಯಾಪಾರಿಯ ಹೆಂಡತಿ ನಿಂತಿದ್ದಳು. "ನಿಮ್ಮ ಕೂಟಕ್ಕೆಂದು ಹೋದವರು ಇನ್ನೂ ಬಂದಿಲ್ಲ" ಎಂದಳು. ಉಪಾಧ್ಯಾಯ ಕೆರೆಯ ಕಡೆಗೆ ಓಡಿದ. ಏರಿಯ ಮೇಲೆ ಒಂದು ಜೊತೆ ಚಪ್ಪಲಿ ಇತ್ತು. ನೀರು ಅಲುಗುತ್ತಿರಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು.

ಸೋಮಲಿಂಗ ಕೂಗಿಕೊಂಡ. "ಎರಡೇ ಬೀದಿ ಗುರುಗಳೇ! ಹೋಗಿ ತಂದುಕೊಡಬಾರದಿತ್ತೇ? ಥೂ, ಅವನೂ ಒಬ್ಬ ಓದುಗನೇ?"

ಗುರು ಮುಂದಿದ್ದ ಸಂಕಲನವನ್ನು ಕೈಗೆತ್ತಿಕೊಂಡರು. ತೆರೆಯಹೋದರೆ ಹೊಸ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಸೋಮಲಿಂಗ, ನಿನ್ನ ದಿಂಬಿನ ಪಕ್ಕದಲ್ಲಿರುವ ಪುಸ್ತಕದ ಹೆಸರೇನು?"

ಸೋಮಲಿಂಗ ಹೆಸರು ಹೇಳಲಿಲ್ಲ.