ಆಚೆ ದಡದ ಕೆಂಪು ಸೀರೆ

ತಲೆ ಅಲ್ಲಾಡಿಸಬೇಡ ಪುಟ್ಟಿ, ಜಡೆ ಸೊಟ್ಟಗಾಗುತ್ತೆ. ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೂ ಹಲ್ಲು ಬರೋಕೆ ಮುಂಚೆ, ಒಂದು ಹೊಳೆ ದಂಡೇಲಿ ಅಕ್ಕ ತಂಗಿ ಇದ್ದರಂತೆ. ಅಕ್ಕ ಪುಟ್ಟೀರಮ್ಮ, ತಂಗಿ ಮಾಯಮ್ಮ. ಅಮ್ಮ ಇರಲಿಲ್ಲ, ತಂಗಿಗೆ ದಿನಾ ಅಕ್ಕನೇ ಜಡೆ ಹಾಕ್ತಿದ್ದಳಂತೆ. ಒಂದು ವರ್ಷ ಕುಯ್ಲಿಗೆ ಬಂದ ರಾಗಿ ಮೇಲೆ ಆಲಿಕಲ್ಲು ಬಿದ್ದು ಎಲ್ಲ ನೆಲಕ್ಕೆ ಹೋಯ್ತಂತೆ. ಪುಟ್ಟೀರಮ್ಮ ಹೊಟ್ಟೆ ಉರಿದು, ಈ ದೇವರಿಗೆ ಕಿವಿ ಕೇಳಿಸಲ್ಲ ಅಂದುಬಿಟ್ಟಳಂತೆ.

ದಂಡೇಲಿ ಒಂದು ಶಾಸನದ ಕಲ್ಲಿತ್ತು. ಹಾಗಂದವರನ್ನು ಆಚೆ ದಡಕ್ಕೆ ಬಿಡಬೇಕು, ಅವರು ಈಚೆ ಬರಕೂಡದು, ಬೇರೆಯವರು ಆಚೆ ಹೋಗಕೂಡದು ಅಂತ ಅದರಲ್ಲಿ ಬರೆದಿತ್ತಂತೆ. ದೇವರು ಏನೂ ಅನ್ನಲಿಲ್ಲ, ರಾಜನಿಗೆ ಮಾತ್ರ ಬಹಳ ನೋವಾಯ್ತಂತೆ. ಅಕ್ಕನ್ನ ದೋಣೀಲಿ ಕೂರಿಸಿ ಕಳಿಸಿಬಿಟ್ಟರಂತೆ.

ಆಮೇಲೆ, ಹೊಳೆ ಸದ್ದಿಗೆ ಕೂಗಿದ್ದು ಕೇಳಿಸ್ತಿರಲಿಲ್ಲ. ಅಕ್ಕ ದಿನಾ ಬೆಳಗ್ಗೆ ಕೆಂಪು ಸೀರೆ ಹುಣಸೆ ಮರಕ್ಕೆ ಹರವುತ್ತಿದ್ದಳಂತೆ, ಬದುಕಿದೀನಿ ಅಂತ. ಮಾಯಮ್ಮ ಕಲ್ಲಿಗೆ ಒರಗಿ ಅದನ್ನೇ ನೋಡ್ತಿದ್ದಳಂತೆ. ಕೂದಲು ಗಂಟು ಕಟ್ಟಿಕೊಂಡಳೇ ಹೊರತು ಜಡೆ ಹಾಕಿಕೊಳ್ಳಲೇ ಇಲ್ಲವಂತೆ.

ಅಕ್ಕನ್ನ ಕರೆಸಿ ಬುದ್ಧಿ ಅಂತ ರಾಜನ್ನ ಕೇಳಿದಳಂತೆ. ಕಾನೂನಮ್ಮಾ, ನಾನೇನು ಮಾಡಲಿ ಅಂದನಂತೆ. ಅವನು ಹೋದಮೇಲೆ ಅವನ ಮಗನ್ನ ಕೇಳಿದಳಂತೆ. ಆ ಕಾನೂನು ಈಗ ಯಾರ ಮೇಲೂ ಹಾಕಲ್ಲವಲ್ಲ ಅಂದನಂತೆ. ಹಾಗಾದರೆ ಅಳಿಸಿ ಅಂದರೆ, ಯಾರ ಮೇಲೂ ಹಾಕದೇ ಇರೋದನ್ನ ಅಳಿಸೋದು ಯಾಕೆ ಅಂದನಂತೆ. ಮತ್ತೆ ನಮ್ಮಕ್ಕ ಅಂದರೆ, ಅವಳು ಹೋದಾಗ ಹಾಕ್ತಿದ್ವಲ್ಲ ಅಂದನಂತೆ.

ಆಮೇಲೆ ಮೊಮ್ಮಗ ರಾಜ ಆದ. ಅಷ್ಟೊತ್ತಿಗೆ ಮಾಯಮ್ಮನ ಗಂಟು ಬೆಳ್ಳಗಾಗಿತ್ತಂತೆ. ಆ ವರ್ಷ ಹೊಳೆ ಉಕ್ಕಿ, ಕಲ್ಲಿನ ಬುಡದ ಮಣ್ಣು ಕೊಚ್ಚಿಹೋಗಿ, ಇನ್ನೊಂದು ಸಾಲು ಕಂಡಿತಂತೆ. ಪೂಜಾರಿ ಅದನ್ನ ಮಾಯಮ್ಮನಿಗೆ ಓದಿ ಹೇಳಿದನಂತೆ. ಒಂದು ದಿನ ಮಧ್ಯಾಹ್ನ ಆದರೂ ಆಚೆ ದಡದಲ್ಲಿ ಸೀರೆ ಕಾಣಲಿಲ್ಲ. ಮಾಯಮ್ಮ ನೆಟ್ಟಗೆ ಆಸ್ಥಾನಕ್ಕೆ ಹೋಗಿ, ಈ ದೇವರಿಗೆ ಕಿವಿ ಕೇಳಿಸಲ್ಲ, ನನ್ನನ್ನೂ ಕಳಿಸಿ ಅಂದಳಂತೆ. ಎಲ್ಲ ನಕ್ಕರಂತೆ. ಹೋಗಜ್ಜಿ, ಅದೆಲ್ಲ ಹಳೇ ಕಾಲದ್ದು ಅಂದನಂತೆ ರಾಜ. ಕಲ್ಲಿನ ಕೊನೇ ಸಾಲು ಓದಿಸಿ ಬುದ್ಧಿ ಅಂದಳಂತೆ. ಆ ಮಾತು ಕೇಳಿಯೂ ಕಳಿಸದ ರಾಜನನ್ನೂ ಆಚೆ ದಡಕ್ಕೆ ಬಿಡಬೇಕು ಅಂತ ಇತ್ತಂತೆ.

ದೋಣಿ ಕೂಡಲೇ ಬಂತಂತೆ. ರಾಜನೇ ಕೈಹಿಡಿದು ಹತ್ತಿಸಿದನಂತೆ.

ಪುಟ್ಟೀರಮ್ಮ ಗುಡಿಸಲ ಬಾಗಿಲಲ್ಲಿ ಕೂತಿದ್ದಳಂತೆ, ಸೀರೆ ಮಡಿಲಲ್ಲೇ ಇತ್ತಂತೆ. ಮರದವರೆಗೆ ಕೈ ಎತ್ತಕ್ಕಾಗಲಿಲ್ಲ ಕಣೇ ಇವತ್ತು ಅಂದಳಂತೆ. ಆಮೇಲೆ ತಂಗಿ ತಲೆ ನೋಡಿ, ಏನೇ ಇದು, ಹಕ್ಕಿಗೂಡು ಮಾಡ್ಕೊಂಡಿದೀಯ, ಕೆಳಗೆ ಕೂತ್ಕೋ, ಅಷ್ಟು ಎಟುಕುತ್ತೆ ಅಂತ ಗಂಟು ಬಿಚ್ಚಿದಳಂತೆ. ಇಬ್ಬರೂ ಅಲ್ಲೇ ಸುಖವಾಗಿದ್ದರಂತೆ.

ಕಲ್ಲಾ? ಇದೆಯಂತೆ ಪುಟ್ಟಿ. ಯಾರೂ ಓದಲ್ಲ, ಯಾರೂ ಅಳಿಸಿಲ್ಲ. ಮಲಕ್ಕೋ. ಜಡೆ ಆಯ್ತು, ಕತೆಯೂ ಮುಗೀತು.