ಮುಳುಗುವ ನಾಡಿನ ನಾಣ್ಯ

ನಿರಂಜನಜ್ಜನ ಆಶ್ರಮಕ್ಕೆ ಬರುವವರು ಏನನ್ನಾದರೂ ಬಿಟ್ಟು ಬರುತ್ತಿದ್ದರು. ಕಲ್ಮೇಶನೂ ಹುಬ್ಬಳ್ಳಿಯ ಅಂಗಡಿ ಬಿಟ್ಟ, ಗೆಳೆಯರನ್ನು ಬಿಟ್ಟ. ಆದರೆ ಒಂದು ತಗಡಿನ ಪೆಟ್ಟಿಗೆಯನ್ನು ಬಗಲಲ್ಲಿ ಅವುಚಿಕೊಂಡೇ ಹೊಳೆ ದಾಟಿ ಬಂದ.

ಪೆಟ್ಟಿಗೆಯ ತುಂಬ ಪರದೇಶದ ನಾಣ್ಯಗಳಿದ್ದವು.

ಅದನ್ನು ಹೊರಗಿಟ್ಟು ಬಾ ಎಂದು ಅಜ್ಜ ಹೇಳಲಿಲ್ಲ. ಬೇವಿನ ನೆರಳಲ್ಲಿ ಕೂತು, "ತಗಿ, ನೋಡೂಣು" ಅಂದರು.

ಕಲ್ಮೇಶ ಒಂದೊಂದನ್ನೇ ಅಂಚು ಹಿಡಿದು ಎತ್ತಿ ತೋರಿಸಿದ. ನಡುವೆ ತೂತಿದ್ದದ್ದು, ಹಲವು ಮೂಲೆಗಳದ್ದು, ಗಡ್ಡದ ರಾಜನದ್ದು, ಹಾರುವ ಮೀನಿನದ್ದು. ಅಜ್ಜ ಮಕ್ಕಳ ಹಾಗೆ ಕಣ್ಣರಳಿಸಿ ನೋಡಿದರು. ತೂತಿನ ನಾಣ್ಯವನ್ನು ಕಣ್ಣಿಗೆ ಹಿಡಿದು ಅದರೊಳಗಿಂದ ಹೊಳೆಯನ್ನೂ ನೋಡಿದರು.

"ಛಲೋ ಅದಾವ. ಯಾಕ ಕೂಡಿಸೀದಿ ಇವನ್ನ?"

"ಮೊದಲ ಖುಷಿಗ್ರೀ ಅಜ್ಜಾರ. ಕೈಯಾಗ ಹಿಡದ್ರ ಆ ದೇಶಕ್ಕ ಹೋಗಿ ಬಂದಂಗ ಆಗತಿತ್ತು. ಆಮ್ಯಾಲ ತಿಳೀತು, ಇವಕ್ಕ ಬೆಲಿ ಏರತೈತಿ ಅಂತ. ಈಗ ಎರಡಕ್ಕೂ."

"ಬೆಲಿ ಯಾವಾಗ ಏರತೈತಿ?"

"ಅಚ್ಚು ಹಾಕೂದು ನಿಂತ್ರ ಏರತೈತ್ರಿ. ರಾಜ ಸತ್ರ ಒಂದೀಟು ಏರತೈತಿ. ದೇಶಾನ ಇಲ್ಲದಂಗ ಆತಂದ್ರ ಭಾಳ ಏರತೈತಿ."

ಅಜ್ಜ ಕೈಯಲ್ಲಿದ್ದ ನಾಣ್ಯವನ್ನು ಮೆಲ್ಲಗೆ ಪೆಟ್ಟಿಗೆಯಲ್ಲಿಟ್ಟರು.

ಪೆಟ್ಟಿಗೆಯ ತಳದಲ್ಲಿ ಒಂದು ಬಟ್ಟೆಯ ಚೀಲವಿತ್ತು. ಅದನ್ನು ಕಲ್ಮೇಶ ಅಂದು ತೋರಿಸಲಿಲ್ಲ. ನಾಣ್ಯದ ಅಂಗಡಿ ಮಾರಿ ಬಂದ ದುಡ್ಡನ್ನೆಲ್ಲ ಅವನು ಆ ಚೀಲಕ್ಕೇ ಸುರಿದಿದ್ದ. ಒಲೇಮಾ ಎಂಬ ಪುಟ್ಟ ದ್ವೀಪದ ನಾಣ್ಯಗಳವು. ಒಂದು ಬದಿಗೆ ಆಮೆ, ಇನ್ನೊಂದು ಬದಿಗೆ ತೆಂಗಿನ ಮರ. ಸಮುದ್ರ ವರ್ಷದಿಂದ ವರ್ಷಕ್ಕೆ ಆ ದ್ವೀಪವನ್ನು ನುಂಗುತ್ತ ಬಂದಿತ್ತು.

ಕಲ್ಮೇಶ ಕಾಯುತ್ತಿದ್ದ.

ಆಶ್ರಮಕ್ಕೆ ಪೇಪರು ಬರುತ್ತಿದ್ದುದು ಮಧ್ಯಾಹ್ನದ ಬಸ್ಸಿಗೆ. ಬೇಸಗೆಯ ಒಂದು ದಿನ ಅದರ ಮೂಲೆಯಲ್ಲಿ ಸಣ್ಣ ಸುದ್ದಿಯಿತ್ತು. ಒಲೇಮಾದ ಒಂದು ಊರಿಗೆ ಸಮುದ್ರ ನುಗ್ಗಿದೆ, ಜನ ಗಂಟುಮೂಟೆ ಕಟ್ಟಿಕೊಂಡು ದಿಬ್ಬ ಹತ್ತಿದ್ದಾರೆ. ಕಲ್ಮೇಶನ ಎದೆ ಹಗುರಾಯಿತು. ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿ, ಪೆಟ್ಟಿಗೆ ತೆರೆದ.

ಚೀಲ ಒದ್ದೆಯಾಗಿತ್ತು.

ತಲೆಯೆತ್ತಿ ಮಾಡು ನೋಡಿದ. ಹಾಸುಗಲ್ಲಿನ ಮಾಡು, ಸೋರುವ ಮಾತೇ ಇಲ್ಲ. ಆಕಾಶದಲ್ಲಿ ಒಂದು ಮೋಡದ ತುಣುಕೂ ಇರಲಿಲ್ಲ. ನೀರಿನ ಕೊಡ ಎದುರಿನ ಮೂಲೆಯಲ್ಲಿತ್ತು. ನಾಣ್ಯ ಒರೆಸಿದರೆ ಬೆಲೆ ಕುಗ್ಗುತ್ತದೆ ಎಂದು ಗಿರಾಕಿಗಳಿಗೆ ಹೇಳುತ್ತಿದ್ದವನೇ ಕೂತು ಎಲ್ಲವನ್ನೂ ಪಂಚೆಯ ಚುಂಗಿನಿಂದ ಒತ್ತಿ ಒತ್ತಿ ಒಣಗಿಸಿದ.

ಆಶ್ರಮದಲ್ಲಿ ಅಡುಗೆ ಮಾಡುವವಳು ಫಕೀರವ್ವ. ಕಲ್ಮೇಶ ಪೆಟ್ಟಿಗೆಯನ್ನು ಹಾಗೇ ಅವಳ ಮುಂದೆ ಒಯ್ದ.

"ಇದಕ್ಕ ನೀರ ಬಿದ್ದೈತಿ. ನೀ ಏನರ ಮುಟ್ಟಿದ್ದೇನು?"

"ನಿನ್ನ ಪೆಟಗಿ ಕಟಗೊಂಡು ನನಗೇನಪಾ?"

ಆದರೂ ಅವಳು ತಳದ ತೇವಕ್ಕೆ ಬೆರಳು ಹಚ್ಚಿ ನಾಲಿಗೆಗೆ ಇಟ್ಟುಕೊಂಡಳು. ಅವಳ ಮುಖ ಚಿಕ್ಕದಾಯಿತು.

"ಇದು ಹೊಳಿ ನೀರಲ್ಲ. ಉಪ್ಪ ಐತಿ."

ಆಮೇಲೆ ಕೆಲವು ದಿನ ಪೆಟ್ಟಿಗೆ ಒಣಗಿಯೇ ಇತ್ತು. ಮತ್ತೆ ಒಲೇಮಾದ ಸುದ್ದಿ ಬಂತು, ಮತ್ತೆ ನೀರು. ಈ ಸಲ ನಾಣ್ಯಗಳು ಮುಳುಗಿದ್ದವು. ಪೇಪರನ್ನು ಆಸೆಯಿಂದ ಬಿಡಿಸಿದ ದಿನ ನೀರು ಬರುತ್ತದೆ, ಬಿಡಿಸದ ದಿನ ಬರುವುದಿಲ್ಲ. ಇದು ಕಲ್ಮೇಶನಿಗೆ ಹೊಳೆಯಿತು. ಹೊಳೆದದ್ದನ್ನು ಅವನು ಒಪ್ಪಲಿಲ್ಲ.

ನಾಣ್ಯಗಳ ತೆಂಗಿನ ಮರದ ಮೇಲೆ ಹಸಿರು ಕಿಲುಬು ಕಟ್ಟತೊಡಗಿದಾಗ ಚೀಲವನ್ನು ಅಜ್ಜನ ಮುಂದೆ ತಂದಿಟ್ಟ. ಇದ್ದದ್ದು ಇದ್ದ ಹಾಗೆ ಹೇಳಿದ, ದ್ವೀಪ ಮುಳುಗಲೆಂದು ತಾನು ಕಾಯುತ್ತಿರುವ ಮಾತೊಂದನ್ನು ಬಿಟ್ಟು.

"ಒಣಗಿಸು" ಅಂದರು ಅಜ್ಜ.

ಹೊಳೆಯ ದಂಡೆಯ ಬಂಡೆಯ ಮೇಲೆ ಹರವಿದ. ಬಿಸಿಲಿಗೆ ನೀರು ಆರಿತು. ನಾಣ್ಯಗಳ ಸುತ್ತ ಬಂಡೆಯ ಮೇಲೆ ಬೆಳ್ಳಗೆ ಉಪ್ಪು ಉಳಿಯಿತು. ಅಜ್ಜ ಬಂದು, ಅದನ್ನು ಉಗುರಿನಿಂದ ಕೆರೆದು ಕೆರೆದು ಎಲೆಯಲ್ಲಿ ತುಂಬಿ ಫಕೀರವ್ವನ ಕೈಗೆ ಕೊಟ್ಟರು.

"ಇವತ್ತಿನ ಬ್ಯಾಳಿಗೆ ಇದನ್ನ ಹಾಕವ್ವ."

ಅವಳು ಅಜ್ಜನ ಮುಖ ನೋಡಿದಳು. ಹಾಕಿದಳು.

ಊಟಕ್ಕೆ ಕೂತರು. ಅಜ್ಜ ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಸಾವಕಾಶವಾಗಿ ಉಂಡರು. ಕಲ್ಮೇಶ ಒಂದು ತುತ್ತು ಬಾಯಿಗಿಟ್ಟ. ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಉಪ್ಪ ಹೆಚ್ಚಾತೇನು?"

ಕಲ್ಮೇಶ ತಲೆಯಾಡಿಸಿದ. ಇಲ್ಲ.

"ಮತ್ತ?"

ತುತ್ತನ್ನು ದವಡೆಗೆ ಸರಿಸಿಕೊಂಡು ಅಂದ, "ಇದು ಯಾರದೋ ಅನಸಾಕತ್ತೈತ್ರಿ."

"ನುಂಗು" ಅಂದರು ಅಜ್ಜ.

ಊಟವಾದ ಮೇಲೆ ಎಲ್ಲರೂ ಅಡ್ಡಾದರು. ಮಟಮಟ ಮಧ್ಯಾಹ್ನ. ಹೊರಗೆ ಕಾಗೆಯ ಸದ್ದೂ ಇರಲಿಲ್ಲ. ಕಲ್ಮೇಶ ಒಣಗಿದ ನಾಣ್ಯಗಳನ್ನು ಮತ್ತೆ ಚೀಲಕ್ಕೆ ತುಂಬಿ ಪೆಟ್ಟಿಗೆಯಲ್ಲಿಟ್ಟು, ತನ್ನ ಕೋಣೆಯಲ್ಲಿ ಮಲಗಿದ್ದ. ಪೆಟ್ಟಿಗೆಯೊಳಗಿಂದ ಏನೋ ಸಪ್ಪಳ ಬಂತು. ಮರಳಿನ ಮೇಲೆ ನೀರು ಹರಿದು ಬಂದು ಹಿಂದಕ್ಕೆ ಸರಿದ ಹಾಗೆ.

ಅವನು ತಗಡಿಗೆ ಕಿವಿ ಹಚ್ಚಿದ.

ಆ ಸಪ್ಪಳದ ಒಳಗೆ ಒಬ್ಬ ಹೆಣ್ಣುಮಗಳು ಯಾರನ್ನೋ ಕೂಗುತ್ತಿದ್ದಳು. ಮಾತು ತಿಳಿಯಲಿಲ್ಲ. ಆದರೆ ಕೂಗಿನ ಧಾಟಿ ತಿಳಿಯಿತು. ಹೊತ್ತು ಮುಳುಗುವಾಗ ಯಾವ ಊರಿನಲ್ಲೇ ಆಗಲಿ, ಆಡಲು ಹೋದ ಮಕ್ಕಳನ್ನು ಮನೆಗೆ ಕರೆಯುವುದು ಹಾಗೆಯೇ. ಕೂಗುತ್ತಿದ್ದಳು, ಸುಮ್ಮನಾಗುತ್ತಿದ್ದಳು, ಮತ್ತೆ ಕೂಗುತ್ತಿದ್ದಳು. ಪ್ರತಿ ಸಲವೂ ದನಿ ಇನ್ನಷ್ಟು ಎತ್ತರದಿಂದ ಬರುತ್ತಿತ್ತು, ಅವಳು ಹಿಂದೆ ಹಿಂದೆ ಸರಿಯುತ್ತ ದಿಬ್ಬ ಹತ್ತುತ್ತಿರುವ ಹಾಗೆ.

ಯಾರೂ ಓಗೊಡಲಿಲ್ಲ.

ಕಲ್ಮೇಶ ಚೀಲ ಹಿಡಿದು ಹೊರಗೆ ಓಡಿ ಬಂದ. ಬೇವಿನ ಬುಡದಲ್ಲಿ ಅಜ್ಜ ಮುತ್ತಲ ಎಲೆಗೆ ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದರು.

"ಅಜ್ಜಾರ, ಇವನ್ನ ಹೊಳಿಗೆ ಒಗದು ಬರ್ತೀನ್ರಿ."

"ಹೊಳಿ ಎಲ್ಲಿಗೆ ಹೋಗ್ತೈತಿ?"

"ಸಮುದ್ರಕ್ಕ."

"ಅದಕ್ಕೇನ ಕಡಿಮಿ ಬಿದ್ದೈತೇನು?"

"ಹಂಗಾರ ಮಾರಿಬಿಡತೀನ್ರಿ."

"ನಿನ್ನ ಬದಲಿ ಇನ್ನೊಬ್ಬಾಂವ ಕಾಯ್ತಾನ."

ಕಲ್ಮೇಶ ನೆಲದ ಮೇಲೆ ಕೂತ.

"ನಾ ಕಾಯೂದು ನಿಮಗ ಹೆಂಗ ಗೊತ್ತು?"

"ನೀ ಪೇಪರ ನೋಡತಿದ್ದಿ. ನಾ ನಿನ್ನ ಮಾರಿ ನೋಡತಿದ್ದೆ."

ಅಜ್ಜ ಒಂದು ಪತ್ರಾವಳಿ ಮುಗಿಸಿ ಕೆಳಗಿಟ್ಟರು.

"ನಾಣ್ಯ ಇರೂದು ಯಾತಕ್ಕ, ಕಲ್ಮೇಶಾ?"

ಇಷ್ಟು ವರ್ಷ ನಾಣ್ಯಗಳ ನಡುವೆಯೇ ಬದುಕಿದವನು ಚೀಲದಿಂದ ಒಂದನ್ನು ತೆಗೆದು ತಿರುವಿ ನೋಡಿದ.

"ಖರ್ಚ ಮಾಡಾಕ್ರಿ" ಅಂದ ಕೊನೆಗೆ. "ಖರೆ, ಇದನ್ನ ಇಲ್ಲಿ ಯಾರ ತಗೋತಾರ್ರಿ?"

ಅಜ್ಜ ಅಡುಗೆಮನೆಯ ಕಡೆ ತಿರುಗಿದರು.

"ಫಕೀರವ್ವ, ನಾಳಿಂದ ನಮ್ಮಲ್ಲಿ ಈ ಆಮಿ ನಾಣ್ಯ ನಡೀತೈತಿ. ಒಂದಕ್ಕ ಒಂದು ರೊಟ್ಟಿ."

ಅವಳು ಬಾಗಿಲಿಗೆ ಬಂದಳು. "ನಾವು ಬಂದವರಿಗೆಲ್ಲ ಪುಕ್ಕಟೆ ನೀಡತೀವಲ್ರೀ ಅಜ್ಜಾರ. ರೊಟ್ಟಿಗೆ ನಾಣ್ಯ ಯಾಕ ಬೇಕು?"

"ರೊಟ್ಟಿಗೆ ಬ್ಯಾಡ. ನಾಣ್ಯಕ್ಕ ಬೇಕಾಗೈತಿ."

ಮರುದಿನ ಕಲ್ಮೇಶ ಚೀಲ ಹಿಡಿದು ದಾರಿಯ ಮೇಲೆ ನಿಂತ. ಕುರಿ ಹೊಡೆದುಕೊಂಡು ಹೋಗುವವನು ಮೊದಲು ಸಿಕ್ಕ. ಇದಕ್ಕೆ ಆಶ್ರಮದಲ್ಲಿ ರೊಟ್ಟಿ ಸಿಗುತ್ತದೆ ಎಂದು ಹೇಳಿದರೂ ಕಲ್ಮೇಶನ ಮುಷ್ಟಿ ಬಿಚ್ಚಲಿಲ್ಲ. ಕುರಿಗಾರ ಕೈ ಚಾಚಿ ನಿಂತೇ ಇದ್ದ. ಕಡೆಗೆ ಬೆರಳುಗಳು ಸಡಿಲವಾದವು. ಆಮೇಲೆ ಬಳೆಗಾರ ಬಂದ, ಬಟ್ಟೆ ಒಗೆದುಕೊಂಡು ಹೆಂಗಸರು ಬಂದರು. ಅವರು ನಾಣ್ಯವನ್ನು ತಿರುವಿ ನೋಡಿ ನಕ್ಕರು, ಕಲ್ಲಿಗೆ ಬಡಿದು ಸದ್ದು ಕೇಳಿದರು.

ಮಧ್ಯಾಹ್ನ ಎಲ್ಲರೂ ಅಡುಗೆಮನೆಗೆ ಬಂದರು. ಫಕೀರವ್ವ ನಾಣ್ಯ ಇಸಿದುಕೊಂಡು ಬೋಗುಣಿಗೆ ಟಣ್ಣೆಂದು ಎಸೆಯುತ್ತಿದ್ದಳು. ಒಂದೊಂದು ಸದ್ದಿಗೂ ಕಲ್ಮೇಶನ ಎದೆ ಚುರುಕ್ಕೆನ್ನುತ್ತಿತ್ತು. ಗೀರು ಬಿದ್ದ ನಾಣ್ಯವನ್ನು ಯಾವ ವ್ಯಾಪಾರಿಯೂ ಮೂಸುವುದಿಲ್ಲ. ಅವನ ಅಂಗಡಿ ಕಣ್ಣೆದುರೇ ಬೋಗುಣಿಯಲ್ಲಿ ಗೀರು ಗೀರಾಗುತ್ತಿತ್ತು.

ಬೋಗುಣಿಯಲ್ಲಿದ್ದದ್ದನ್ನು ಅವನೇ ಮತ್ತೆ ದಾರಿಗೆ ಒಯ್ದು ಹಂಚುತ್ತಿದ್ದ. ದಿನ ಕಳೆದಂತೆ ಆಮೆಯ ಬೆನ್ನು ಸವೆಯಿತು. ಬಳೆಗಾರ ಒಂದು ದಿನ ಅದೇ ನಾಣ್ಯ ಕೊಟ್ಟು ಕುರಿಗಾರನಿಂದ ಹಾಲು ಕೊಂಡ. ಕುರಿಗಾರ ಅದನ್ನು ತಂದು ರೊಟ್ಟಿ ತಿಂದ. ಅದನ್ನು ಕಂಡ ದಿನ ಕಲ್ಮೇಶನಿಗೆ ಯಾಕೋ ನಗು ಬಂತು. ಪೆಟ್ಟಿಗೆಗೆ ನೀರು ಬರುವುದು ನಿಂತಿತ್ತು.

ಮಳೆಗಾಲ ಇನ್ನೂ ದೂರವಿತ್ತು. ಒಂದು ಮಧ್ಯಾಹ್ನ ಬಸ್ಸಿನ ಪೇಪರಿನಲ್ಲಿ ಆ ಸುದ್ದಿ ಬಂತು. ಒಲೇಮಾದ ಕೊನೆಯ ದಿಬ್ಬವೂ ಮುಳುಗಿದೆ. ದೋಣಿ ಹತ್ತಿದವರು ಎಲ್ಲಿ ದಡ ಸೇರಿದರೋ ತಿಳಿದಿಲ್ಲ.

ಕಲ್ಮೇಶ ಇಷ್ಟು ದಿನ ಕಾದದ್ದು ಇದಕ್ಕೇ. ಪೇಪರನ್ನು ಮಡಚಿ ಇಟ್ಟ. ಕೋಣೆಗೆ ಹೋಗಿ ಪೆಟ್ಟಿಗೆ ತೆರೆದು ತಳವನ್ನು ಕೈಯಿಂದ ಸವರಿ ನೋಡಿದ. ಒಣಗಿತ್ತು. ಮುಚ್ಚಲು ಮನಸ್ಸಾಗಲಿಲ್ಲ. ಹಾಗೇ ತೆರೆದಿಟ್ಟು, ಬಡಿಸಲು ಬಂದ.

ಕುರಿಗಾರನಿಗೆ ನೀಡಿದ. ಅವನ ಹಿಂದೆ ಒಬ್ಬ ಅಪರಿಚಿತ ನಿಂತಿದ್ದ. ಎತ್ತರದ ಆಳು, ಗುಂಗುರು ಕೂದಲು, ಹೆಗಲ ಮೇಲೆ ನಿದ್ದೆ ಹೋದ ಕೂಸು. ಅಂಗೈ ಚಾಚಿದ.

ಅಂಗೈ ಮೇಲೆ ಆಮೆಯ ನಾಣ್ಯ.

ಕಲ್ಮೇಶ ಅದನ್ನು ಎತ್ತಿ ನೋಡಿದ. ತನ್ನ ಚೀಲದ್ದಲ್ಲ. ಅವೆಲ್ಲ ಸವೆದಿದ್ದವು. ಇದರ ಮೇಲೆ ಒಂದು ಗೀರೂ ಇರಲಿಲ್ಲ.

ಆ ಮನುಷ್ಯನ ಬಟ್ಟೆ ಮೊಣಕಾಲಿನವರೆಗೆ ತೊಟ್ಟಿಕ್ಕುತ್ತಿತ್ತು. ಅಂಗಳದ ಕಾದ ಕಲ್ಲುಗಳ ಮೇಲೆ ಅವನ ಒದ್ದೆ ಹೆಜ್ಜೆಗಳು ಹಾಗೇ ಇದ್ದವು, ಆರಿರಲಿಲ್ಲ. ಅವು ಹೊಳೆಯ ಕಡೆಯಿಂದ ಬಂದಿರಲಿಲ್ಲ, ಬಸ್ಸಿನ ದಾರಿಯಿಂದಲೂ ಬಂದಿರಲಿಲ್ಲ. ಕಲ್ಮೇಶನ ಕೋಣೆಯ ಹೊಸ್ತಿಲಿಂದ ಬಂದಿದ್ದವು.

ರೊಟ್ಟಿ ತಿರುವುತ್ತಿದ್ದ ಫಕೀರವ್ವನ ಕೈ ಹಂಚಿನ ಮೇಲೆ ನಿಂತುಬಿಟ್ಟಿತು. ಕಲ್ಮೇಶ ಅಜ್ಜನ ಕಡೆ ನೋಡಿದ.

ಅಜ್ಜ ತಮ್ಮ ಎಲೆಯನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಬಂದವನು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತ. ಕಲ್ಮೇಶ ಅವನ ಎಲೆಗೆ ರೊಟ್ಟಿ ನೀಡಿದ.

ಆಗ ಕೋಣೆಯೊಳಗೆ ಮತ್ತೆ ಒದ್ದೆ ಕಾಲಿನ ಸಪ್ಪಳ ಕೇಳಿತು.

"ಒಲಿ ಆರಸಬ್ಯಾಡ, ಫಕೀರವ್ವ" ಅಂದರು ಅಜ್ಜ. "ಕಲ್ಮೇಶಾ, ನೀ ಹಿಟ್ಟು ನಾದಾಕ ಕೂಡು. ಹಿಂದ ಭಾಳ ಮಂದಿ ಅದಾರ."